ಹಿಂದಕ್ಕೆ ಪಡೆದ ವಂದನೆ

ಮೊನ್ನೆ ನಮ್ಮ ಭಾಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ದೀಪ ಬೆಳಗುವ ಸಮಾರಂಭ ನಡೆಯಿತು. ಹೊಸದಾಗಿ ಸೇರಿದ ವಿದ್ಯಾರ್ಥಿನಿಯರು ಶುಭ್ರವಾದ ಉಡುಪು ತೊಟ್ಟು, ಕೈಯಲ್ಲಿ ಒಂದೊಂದು ದೀಪ ಹಿಡಿದು, ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಪ್ರತಿಜ್ಞೆ ಸ್ವೀಕರಿಸುವ ಸಮಾರಂಭ ಅದು. ನನಗೂ ಆಹ್ವಾನವಿತ್ತು. ಕನ್ನಡ ಮಾಸ್ತರನನ್ನು ಇಂಥ ಕಡೆ ಕರೆಯುವುದು ವಂದನಾರ್ಪಣೆಗಾಗಿಯೇ ಎಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ.

ಮುಖ್ಯ ಅತಿಥಿಗಳು ದೊಡ್ಡವರು, ಹೆಸರು ಬೇಡ. ಅವರು ಸೇವೆಯ ಮಹಿಮೆಯನ್ನು ಅರ್ಧ ಗಂಟೆ ವರ್ಣಿಸಿದರು. ಕೊನೆಗೆ ದನಿಯೇರಿಸಿ, “ಇತ್ತೀಚೆಗೆ ಒಂದು ರೋಗ ಹತ್ತಿದೆ. ನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ಕೂಡಲೇ ನರ್ಸುಗಳಿಗೆ ಪ್ರೊಫೆಸರ್ ಆಗುವ ಆಸೆ ಹುಟ್ಟುತ್ತದೆ. ರೋಗಿಯ ಹಾಸಿಗೆ ಬಿಟ್ಟು ಕುರ್ಚಿಗೆ ಓಡುವುದು ಸೇವಾಧರ್ಮಕ್ಕೆ ದ್ರೋಹ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಆ ಕಾಲೇಜಿನ ಬೋಧಕಿಯರು ಕುಳಿತಿದ್ದರು. ಒಬ್ಬೊಬ್ಬರೂ ಹಾಗೆ ವಾರ್ಡಿನಿಂದ ಬಂದವರೇ. ಅವರೂ ಚಪ್ಪಾಳೆ ತಟ್ಟಿದರು. ತಟ್ಟದೆ ಏನು ಮಾಡಿಯಾರು? ನನ್ನ ಸರದಿ ಬಂದಾಗ ನಾನು ಎದ್ದು ನಿಂತು, ಮಾನ್ಯರ ಅಮೂಲ್ಯವಾದ ಮಾತುಗಳಿಗಾಗಿ ವಂದಿಸಿ, ಹಾರ ಹಾಕಿಸಿ, ಮನೆಗೆ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂದು ಅರ್ಪಿಸಿದ ವಂದನೆಯನ್ನು ಇಂದು ಈ ಪುಟದಲ್ಲಿ ಹಿಂದಕ್ಕೆ ಪಡೆಯುತ್ತಿದ್ದೇನೆ.

ಮೊದಲು ಆ ದೀಪದ ಮಾತನ್ನೇ ತೆಗೆದುಕೊಳ್ಳೋಣ. ಯಾರ ಹೆಸರಿನಲ್ಲಿ ದೀಪ ಹಚ್ಚಿದರೋ ಆಕೆ ಕ್ರಿಮಿಯಾದ ಯುದ್ಧದ ಗಾಯಾಳುಗಳ ನಡುವೆ ಇದ್ದುದು 1854ರ ನವೆಂಬರಿನಿಂದ 1856ರ ಬೇಸಗೆಯವರೆಗೆ. ಎರಡು ವರ್ಷಕ್ಕೂ ಕಡಮೆ. ಆಮೇಲೆ ಆಕೆ ಐವತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಿ, 1910ರಲ್ಲಿ ತೀರಿಕೊಂಡಳು. ಆ ದೀರ್ಘಾವಧಿಯಲ್ಲಿ ಆಕೆ ಬರೆದಳು, ಲೆಕ್ಕ ಹಾಕಿದಳು, ಸರಕಾರದೊಡನೆ ವಾದಿಸಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುಶ್ರೂಷೆಯನ್ನು ಕಲಿಸುವ ಶಾಲೆಯೊಂದನ್ನು ತೆರೆಸಿದಳು. ನಮ್ಮ ಅತಿಥಿಗಳ ನ್ಯಾಯದ ಪ್ರಕಾರ ಹಾಸಿಗೆಯನ್ನು ಬಿಟ್ಟು ಹೋದ ಮೊದಲ ದ್ರೋಹಿ ಆಕೆಯೇ ಆಗಬೇಕು. ಆದರೆ ಆ ಶಾಲೆ ಇರದಿದ್ದರೆ ದೀಪದ ಕಥೆ ಅವಳೊಬ್ಬಳ ಕಥೆಯಾಗಿ ಮುಗಿಯುತ್ತಿತ್ತು. ಒಂದು ದೀಪದಿಂದ ಇನ್ನೊಂದು ದೀಪ ಹತ್ತಿಸುವುದಕ್ಕೆ ಒಬ್ಬರು ನಿಲ್ಲಲೇಬೇಕು. ಹಾಗೆ ನಿಂತವರೇ ಶಿಕ್ಷಕರು.

ಇನ್ನು ‘ಶುಶ್ರೂಷೆ’ ಎಂಬ ಶಬ್ದ. ಇದು ನನ್ನ ಕಸುಬಿಗೆ ಸೇರಿದ ವಿಷಯವಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ‘ಶ್ರು’ ಎಂಬ ಧಾತುವಿಗೆ ಕೇಳು ಎಂದು ಅರ್ಥ. ಶ್ರವಣ, ಶ್ರುತಿ, ಶ್ರೋತೃ ಎಲ್ಲವೂ ಅದರ ಮಕ್ಕಳೇ. ಜಿಜ್ಞಾಸೆ ಎಂದರೆ ತಿಳಿಯುವ ಬಯಕೆ, ಪಿಪಾಸೆ ಎಂದರೆ ಕುಡಿಯುವ ಬಯಕೆ. ಹಾಗೆಯೇ ಶುಶ್ರೂಷೆ ಎಂದರೆ ಕೇಳುವ ಬಯಕೆ. ಗುರುವಿನ ಬಾಯಿಂದ ಕೇಳಬೇಕೆಂಬ ಬಯಕೆಯುಳ್ಳ ಶಿಷ್ಯ ಗುರುವಿನ ಸಮೀಪದಲ್ಲಿದ್ದು ಆತನ ಉಪಚಾರ ಮಾಡಿದ. ಅದರಿಂದ ಆ ಶಬ್ದಕ್ಕೆ ಸೇವೆ ಎಂಬ ಅರ್ಥ ಬಂತು. ಅದು ರೋಗಿಯ ಆರೈಕೆಗೂ ಸಂದಿತು. ಪಾಠಶಾಲೆ ಮತ್ತು ರೋಗಿಯ ಹಾಸಿಗೆ ಒಂದೇ ಶಬ್ದದ ಎರಡು ಕೋಣೆಗಳು. ಒಂದರಿಂದ ಇನ್ನೊಂದಕ್ಕೆ ದಾಟುವವಳು ಮನೆ ಬಿಟ್ಟು ಹೋಗುವವಳಲ್ಲ, ಮನೆಯೊಳಗೇ ಓಡಾಡುವವಳು.

ಈ ಚರ್ಚೆ ದೊಡ್ಡ ಪಟ್ಟಣದಲ್ಲಿ ಕುಳಿತು ಓದುವವರಿಗೆ ಹಗುರಾಗಿ ಕಂಡೀತು. ಅವರು ಒಮ್ಮೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಬರಬೇಕು. ಕೃಷ್ಣೆ ತುಂಗಭದ್ರೆಯರ ನಡುವಣ ನೆಲ ಇದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ಕಣಜವಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಭತ್ತವೂ ಉಂಟು, ಬಂಗಾರವೂ ಉಂಟು. ಆದರೂ 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆಗಳು’ ಎಂದು ನಯವಾದ ಹೆಸರಿಟ್ಟಾಗ ನಮ್ಮ ರಾಯಚೂರು ಆ ಪಟ್ಟಿಯಲ್ಲಿತ್ತು. ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವನು, ರಕ್ತ ಸಾಲದೆ ಬಿಳಿಚಿಕೊಂಡ ಬಸುರಿ, ವಾಂತಿಭೇದಿಯಿಂದ ಬಾಡಿದ ಕೂಸು, ಇವರೆಲ್ಲರಿಗೂ ದವಾಖಾನೆಯಲ್ಲಿ ಮೊದಲು ಎದುರಾಗುವುದು ನರ್ಸಮ್ಮನ ಮುಖ. ಡಾಕ್ಟರರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಕೊನೆಗೆ “ರಾಯಚೂರಿಗೆ ಒಯ್ಯಿರಿ” ಎಂಬ ಮಾತೂ ಬರುತ್ತದೆ. ಅಲ್ಲಿಯವರೆಗೆ ಉಸಿರು ಹಿಡಿದು ನಿಲ್ಲಿಸುವವಳು ಈಕೆಯೇ. ಆಕೆಗೆ ಯಾರು ಕಲಿಸಿದರು, ಹೇಗೆ ಕಲಿಸಿದರು ಎಂಬುದು ನಮ್ಮ ಪ್ರಾಣದ ಪ್ರಶ್ನೆ.

ಲೆಕ್ಕವನ್ನೂ ನೋಡೋಣ. ಒಬ್ಬ ನರ್ಸು ತನ್ನ ಪಾಳಿಯಲ್ಲಿ ಹತ್ತೋ ಇಪ್ಪತ್ತೋ ಹಾಸಿಗೆಗಳನ್ನು ನೋಡಿಯಾಳು. ಅದೇ ನರ್ಸು ವರ್ಷಕ್ಕೆ ನಲವತ್ತು ಮಂದಿಗೆ ಸರಿಯಾಗಿ ಕಲಿಸಿದರೆ ಆ ನಲವತ್ತು ಜೊತೆ ಕೈಗಳು ಮೂವತ್ತು ವರ್ಷ ಹಾಸಿಗೆಗಳ ಬಳಿ ಇರುತ್ತವೆ. ಇದನ್ನು ಓಡಿಹೋಗುವುದು ಎನ್ನುವುದಾದರೆ, ಬೀಜದ ಕಾಳನ್ನು ಉಣ್ಣದೆ ಉಳಿಸಿ ಬಿತ್ತುವ ರೈತನನ್ನೂ ಹಸಿದವರಿಗೆ ದ್ರೋಹ ಬಗೆದವನು ಎನ್ನಬೇಕಾದೀತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನ್ನ ಜಗಳ ಆ ಅತಿಥಿಗಳೊಬ್ಬರೊಡನೆ ಮುಗಿಯುತ್ತಿತ್ತು. ಆದರೆ ನನ್ನ ದೊಡ್ಡ ತಕರಾರು ಅವರೊಡನೆ ಅಲ್ಲ. ಅವರು ಬಾಯಿಂದ ಬೈದರು, ಅಷ್ಟೆ. ಕೈಯಿಂದ ಕೆಡುಕು ಮಾಡುವವರು ಬೇರೆ ಇದ್ದಾರೆ. ಅವರು ವಾರ್ಡಿನಿಂದ ಬಂದವಳಿಗೆ “ಬನ್ನಿ ಮೇಡಂ” ಎಂದು ಬಾಗಿಲು ತೆರೆದು, ಕುರ್ಚಿ ತೋರಿಸಿ, ಬಾಗಿಲು ಹಾಕಿಕೊಂಡು ಹೋಗುವವರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಊರು, ಹೆಸರು, ಕಾಲೇಜು ಬೇಡ. ಪದವಿಪೂರ್ವ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿದವಳು. ನರ್ಸಿಂಗ್ ಪದವಿ ಪಡೆದು, ದೊಡ್ಡ ಊರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಏಳು ವರ್ಷ ದುಡಿದು, ಆಮೇಲೆ ಎಂ.ಎಸ್‌ಸಿ. ಮುಗಿಸಿ, ನಮ್ಮ ಭಾಗದ ಹುಡುಗಿಯರಿಗೆ ಕಲಿಸಬೇಕೆಂದು ಊರ ಕಡೆ ಬಂದು ಒಂದು ಕಾಲೇಜು ಸೇರಿದಳು. ಸೇರಿದ ಹದಿನೈದು ದಿನಕ್ಕೆ ಒಂದು ಸಂಜೆ ನಮ್ಮ ಮನೆಗೆ ಬಂದಳು. ಮುಖ ಬಾಡಿತ್ತು.

“ಏನವ್ವಾ, ಹೆಂಗ ನಡದೈತಿ ಪಾಠ?” ಎಂದೆ.

“ಸರ, ವಾರ್ಡಿನಾಗ ರಾತ್ರಿ ಪಾಳಿ ಒಬ್ಬಾಕೆನ ಮಾಡೀನಿ, ಕೈ ನಡುಗಿಲ್ಲ. ಇಲ್ಲಿ ಹುಡುಗ್ಯಾರ ಮುಂದ ನಿಂತ್ರ ನಾಲಿಗಿ ಒಣಗತೈತಿ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ವಾರ್ಡಿನಾಗ ಪಾಳಿ ಬದಲಾಗುವಾಗ ಒಂದೊಂದು ಹಾಸಿಗಿ ಮುಂದ ನಿಂತು, ಈ ಕೂಸಿಗೆ ಹಿಂಗ ಐತಿ, ಇದನ್ನ ನೋಡ್ಕೋ ಅಂತ ಒಪ್ಪಿಸಿ ಹೋಗ್ತೀವಿ ಸರ. ಇಲ್ಲಿ ನನಗ ಯಾರೂ ಏನೂ ಒಪ್ಪಿಸಲಿಲ್ಲ. ವೇಳಾಪಟ್ಟಿ ಕೊಟ್ರು, ಚಾಕ್ ಕೊಟ್ರು, ಅಷ್ಟ.”

ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಮೊದಲ ವಾರವೇ ಅವಳ ಮೇಲೆ ಮೂರು ವಿಷಯಗಳ ಪಾಠ ಬಿದ್ದಿತ್ತು. ಅದರ ಜೊತೆಗೆ ಹಾಸ್ಟೆಲಿನ ಮೇಲ್ವಿಚಾರಣೆ, ಪ್ರವೇಶದ ಕಡತ. ಅವಳ ತರಗತಿಯಲ್ಲಿ ಬಂದು ಕುಳಿತವರಿಲ್ಲ. ತಮ್ಮ ತರಗತಿಗೆ ಬಾ ಎಂದು ಕರೆದವರೂ ಇಲ್ಲ. ಒಂದು ರಾತ್ರಿಯ ಮಟ್ಟಿಗೆ ಒಂದು ಕೂಸನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕೆ ಆಸ್ಪತ್ರೆಯಲ್ಲಿ ಅಷ್ಟು ಕಟ್ಟುನಿಟ್ಟು. ಒಂದು ಇಡೀ ಬಾಳನ್ನು ಒಂದು ಕಸುಬಿನಿಂದ ಇನ್ನೊಂದು ಕಸುಬಿಗೆ ದಾಟಿಸುವಾಗ ಒಂದು ಮಾತಿನ ಒಪ್ಪಿಸುವಿಕೆಯೂ ಇಲ್ಲ!

ಅಂದು ಅವಳು ಮರುದಿನದ ಪಾಠದ ಟಿಪ್ಪಣಿ ತೋರಿಸಿದಳು. ಮಕ್ಕಳ ದೇಹದಲ್ಲಿ ನೀರು ಬತ್ತುವುದರ ಬಗೆಗೆ ಪಾಠ. ಪುಟ ತುಂಬ ಇಂಗ್ಲಿಷ್. “ಹುಡುಗ್ಯಾರು ಬರಕೋತಾರ ಸರ, ಕಣ್ಣಾಗ ಏನೂ ಕಾಣಂಗಿಲ್ಲ” ಎಂದಳು. “ಹಾಗಾದರೆ ಕೂಸಿನ ತಾಯಿಗೆ ನೀನು ವಾರ್ಡಿನಲ್ಲಿ ಹೇಗೆ ಹೇಳುತ್ತಿದ್ದೆ?” ಎಂದು ಕೇಳಿದೆ. ಅವಳ ಮುಖ ಬೆಳಗಿತು. ನೆತ್ತಿ ಕುಸಿದಿದೆಯೇ ಎಂದು ಬೆರಳಿಟ್ಟು ನೋಡುವುದು, ಹೊಟ್ಟೆಯ ಮೇಲಿನ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ಅದು ತಟ್ಟನೆ ಮರಳುತ್ತದೆಯೋ ನಿಧಾನವಾಗಿ ಮರಳುತ್ತದೆಯೋ ಎಂದು ಗಮನಿಸುವುದು, ಕಣ್ಣು ಗುಳಿ ಬಿದ್ದಿರುವುದು, ಅತ್ತರೂ ನೀರು ಬಾರದಿರುವುದು, ಉಪ್ಪು ಸಕ್ಕರೆಯ ನೀರನ್ನು ಚಮಚೆ ಚಮಚೆಯಾಗಿ ಕುಡಿಸುವುದು, ಎಲ್ಲವನ್ನೂ ನಮ್ಮ ನಡುಮನೆಯಲ್ಲಿ ನನ್ನ ಮಗಳ ಗೊಂಬೆಯನ್ನು ಹಿಡಿದು ಹತ್ತು ನಿಮಿಷದಲ್ಲಿ ಹೇಳಿದಳು. ನಾನು ಕನ್ನಡ ಎಂ.ಎ.; ನನಗೂ ತಿಳಿಯಿತು. ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಯಾವ ಕಾಲೇಜಿನಲ್ಲಿಯೂ ಕೇಳಿಲ್ಲ. ಪಾಠ ಅವಳ ಕೈಯಲ್ಲಿಯೇ ಇತ್ತು; ಅದನ್ನು ತರಗತಿಗೆ ತರಬಹುದು ಎಂದು ಅವಳಿಗೆ ಹೇಳಿದವರಿರಲಿಲ್ಲ.

ನಾನೇನು ಮಾಡಿದೆ? ಮೆಚ್ಚಿದೆ, ಚಹಾ ಕೊಟ್ಟೆ, ಕಳಿಸಿದೆ. ಮತ್ತೆ ವಿಚಾರಿಸಲಿಲ್ಲ. ವರ್ಷ ತುಂಬುವ ಮುನ್ನ ಅವಳು ಆ ಕೆಲಸ ಬಿಟ್ಟಳು. ಈಗ ಗಲ್ಫಿನ ಒಂದು ಆಸ್ಪತ್ರೆಯಲ್ಲಿದ್ದಾಳೆಂದು ಅವಳ ಅಣ್ಣ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹೇಳಿದ. ಹಟ್ಟಿಯ ಗಣಿಯಲ್ಲಿ ಒಂದು ಟನ್ ಕಲ್ಲನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಏಳು ವರ್ಷದ ರಾತ್ರಿ ಪಾಳಿಗಳನ್ನು ಅರೆದು ಬಂದ ಅಂಥ ಕೆಲವೇ ಗ್ರಾಂ ನಮ್ಮ ಅಂಗೈಗೆ ಬಂದಿತ್ತು. ಬೆರಳ ಸಂದಿಯಿಂದ ಜಾರಿಸಿಬಿಟ್ಟೆವು. ಇದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದಲೇ ಈ ಲೇಖನ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. “ಎಂ.ಎಸ್‌ಸಿ. ನರ್ಸಿಂಗಿನಲ್ಲಿ ಬೋಧನಾಕ್ರಮದ ಪತ್ರಿಕೆಯೇ ಇದೆಯಲ್ಲ” ಎನ್ನುವರು. ಇದೆ. ಈಜಿನ ಪುಸ್ತಕ ಓದಿದ್ದಾನೆಂದು ಮಗನನ್ನು ಎಡದಂಡೆ ಕಾಲುವೆಗೆ ತಳ್ಳುವ ತಂದೆ ನಮ್ಮ ಸಿಂಧನೂರಿನಲ್ಲಿ ಯಾರಾದರೂ ಇದ್ದಾರೆಯೇ? “ನಾವೂ ಹೀಗೆಯೇ ಬಿದ್ದು ಎದ್ದು ಕಲಿತವರಲ್ಲವೇ” ಎಂದು ಹಿರಿಯರು ಹೇಳುವರು. ನಾನೂ ಬಿದ್ದು ಎದ್ದವನೇ. ಮೊದಲ ವರ್ಷ ನಾನು ರನ್ನನನ್ನು ಕೆಟ್ಟದಾಗಿ ಪಾಠ ಮಾಡಿದೆ. ರನ್ನ ಸತ್ತು ಸಾವಿರ ವರ್ಷವಾಗಿದೆ. ನನ್ನಿಂದ ಅವನಿಗೆ ಹೊಸ ಅಪಾಯವೇನೂ ಆಗಲಿಲ್ಲ. ಔಷಧದ ಪ್ರಮಾಣವನ್ನು ಕೆಟ್ಟದಾಗಿ ಪಾಠ ಮಾಡಿದರೆ ಬದುಕಿರುವ ಕೂಸಿಗೆ ಅಪಾಯ.

“ಒಳ್ಳೆಯ ನರ್ಸು ತಾನಾಗಿಯೇ ಒಳ್ಳೆಯ ಶಿಕ್ಷಕಿ” ಎಂಬ ಮೂರನೆಯ ಮಾತು ಕೇಳಲು ಇಂಪಾಗಿದೆ, ಆದರೆ ಸುಳ್ಳು. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ವಿದುಷಿ, ತಾನೂ ನರ್ಸು, 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸು ಹೊಸಬಳಾಗಿ ಬಂದು ನಿಪುಣಳಾಗುವ ತನಕ ಏರುವ ಐದು ಮೆಟ್ಟಿಲುಗಳನ್ನು ಗುರುತಿಸಿದಳು. ಪರಿಚಯವಿಲ್ಲದ ಕೆಲಸಕ್ಕೆ ಬಂದರೆ ನಿಪುಣಳೂ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾಳೆ ಎಂಬುದು ಅದರೊಳಗಿನ ತಿಳಿವು. ಅಷ್ಟೇ ಅಲ್ಲ, ನುರಿತ ಕೈಯ ತಿಳಿವಳಿಕೆ ಬಾಯಿಗೆ ಬೇಗ ಬಾರದು. ನಲವತ್ತು ವರ್ಷ ರೊಟ್ಟಿ ಬಡಿದ ನಮ್ಮ ತಾಯಂದಿರನ್ನು ಹಿಟ್ಟಿಗೆ ಎಷ್ಟು ನೀರು ಎಂದು ಕೇಳಿ ನೋಡಿ. “ಹದಕ್ಕ ಬರೂತನಕ” ಎಂದಾರು. ಆ ಹದವನ್ನು ಮಾತಿಗೆ ತರುವುದು ಎರಡನೆಯ ವಿದ್ಯೆ. ಅದನ್ನೂ ಕಲಿಯಬೇಕು, ಕಲಿಸಬೇಕು.

ಲೋಕ ಇದನ್ನು ಬಹಳ ಹಿಂದೆಯೇ ಅರಿತಿತ್ತು. 1907ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಡಿಲೇಡ್ ನಟಿಂಗ್ ಎಂಬಾಕೆ ಜಗತ್ತಿನ ಮೊದಲ ನರ್ಸಿಂಗ್ ಪ್ರಾಧ್ಯಾಪಕಿಯಾದಳು. ಆಕೆಯ ಪೀಠವಿದ್ದುದು ಎಲ್ಲಿ ಗೊತ್ತೇ? ವೈದ್ಯ ಕಾಲೇಜಿನಲ್ಲಲ್ಲ, ಶಿಕ್ಷಕರನ್ನು ತಯಾರಿಸುವ ಕಾಲೇಜಿನಲ್ಲಿ! ನಮ್ಮ ದೇಶದಲ್ಲಿ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ವಿಶ್ವವಿದ್ಯಾಲಯದ ಪದವಿಯ ವಿಷಯವಾಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನರ್ಸಿಂಗ್ ಶಿಕ್ಷಕರಿಗೆ ಇರಬೇಕಾದ ಸಾಮರ್ಥ್ಯಗಳೇನೆಂದು ಪ್ರತ್ಯೇಕ ದಾಖಲೆಯನ್ನೇ ಹೊರಡಿಸಿತು. ನಾವು ಮಾತ್ರ ಚಾಕ್ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೇವೆ.

ಭಾಷೆಯ ವಿಷಯದಲ್ಲಿ ನಮ್ಮ ಭಾಗಕ್ಕೊಂದು ಇತಿಹಾಸವೇ ಇದೆ. ನಾವು 1948ರವರೆಗೆ ನಿಜಾಮರ ಪ್ರಜೆಗಳು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ಭಾಷಾಂತರಕ್ಕಾಗಿಯೇ ಒಂದು ಇಲಾಖೆಯನ್ನು ಕಟ್ಟಿಕೊಂಡು, ವೈದ್ಯವನ್ನು ಕೂಡ ಉರ್ದುವಿನಲ್ಲಿ ಕಲಿಸಿತು. ಅದು ನಮ್ಮ ಭಾಷೆಯಾಗಿರಲಿಲ್ಲ. ಕನ್ನಡದ ಮಕ್ಕಳಿಗೆ ಅದರಿಂದಾದ ತೊಂದರೆ ಸಣ್ಣದಲ್ಲ. ಆದರೆ ದೇಶಭಾಷೆಯಲ್ಲಿ ವೈದ್ಯವನ್ನು ಹೇಳಲಾಗದೆಂಬ ಮಾತು ಮಾತ್ರ ಅಂದೇ ಸುಳ್ಳಾಯಿತು. ಪರೀಕ್ಷೆ ಇಂಗ್ಲಿಷಿನಲ್ಲಿಯೇ ಇರಲಿ. ದೂರದೂರಿನ ಕೆಲಸಕ್ಕೆ ಇಂಗ್ಲಿಷ್ ಬೇಕು, ಒಪ್ಪಿದೆ. ಆದರೆ ಮಸ್ಕಿಯ ಸುತ್ತಿನ ಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಗೆ ಕನ್ನಡದಲ್ಲಿ ವಿವರಿಸುವ ಧೈರ್ಯವನ್ನು ಹೊಸ ಬೋಧಕಿಗೆ ಯಾರಾದರೂ ಕೊಡಬೇಡವೇ?

ಈಚಿನ ವರ್ಷಗಳಲ್ಲಿ ಸರಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. 2007ರಲ್ಲಿ ರಾಯಚೂರಿಗೆ ಸರಕಾರಿ ವೈದ್ಯಕೀಯ ಕಾಲೇಜು ಬಂತು. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ ನಮ್ಮ ಮಕ್ಕಳಿಗೆ ಸೀಟುಗಳಲ್ಲಿ, ಹುದ್ದೆಗಳಲ್ಲಿ ಪಾಲು ದೊರೆಯಿತು. ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ‘ಶುಶ್ರೂಷಾಧಿಕಾರಿ’ ಎಂಬ ಗಂಭೀರವಾದ ಹೆಸರು ಬಂತು. 2023ರ ಕೇಂದ್ರ ಮುಂಗಡಪತ್ರದಲ್ಲಿ ದೇಶದಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ತೆರೆಯುವುದಾಗಿ ಘೋಷಿಸಿದರು. ಅದೇ ವರ್ಷ ನರ್ಸಿಂಗ್ ಆಯೋಗದ ಹೊಸ ಕಾಯಿದೆಯೂ ಆಯಿತು. ಸಂತೋಷ. ಆದರೆ ಕಟ್ಟಡಕ್ಕೆ ಇಟ್ಟಿಗೆ ಭಟ್ಟಿಯಿಂದ ಬರುತ್ತದೆ; ಬೋಧಕರು ಎಲ್ಲಿಂದ ಬರಬೇಕು? ತಪಾಸಣೆಯ ತಂಡ ಬರುವ ದಿನ ಮಾತ್ರ ಪ್ರತ್ಯಕ್ಷರಾಗಿ ಮರುದಿನ ಮಾಯವಾಗುವ ಬೋಧಕರ ಕಥೆಗಳು ನಮ್ಮ ನಾಡಿಗೆ ಹೊಸವಲ್ಲ. ಅಂಥ ಮಾಯಾವಿಗಳಿಗೆ ಜಾಗ ದೊರೆಯುವುದು, ನಿಜವಾದವರು ಉಳಿಯಲಾರದೆ ಹೋಗುವುದರಿಂದಲೂ ಹೌದು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಓದುಗರು ಮರೆತಿರಲಾರರು. ಅಕ್ಷರ ಕಲಿಯದ ಆ ತಾಯಿ ಸಾವಿರಾರು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಆ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು. ವಿಶ್ವವಿದ್ಯಾಲಯವೊಂದು ಕೈಯ ವಿದ್ಯೆಗೆ ತಲೆಬಾಗಿದ್ದು ದೊಡ್ಡ ಮಾತು. ಆದರೆ ಮುಪ್ಪಿನಲ್ಲಿ ನಿಲುವಂಗಿ ಹೊದಿಸುವುದು ಸುಲಭ. ನಡುವಯಸ್ಸಿನಲ್ಲಿ ತರಗತಿಯ ಬಾಗಿಲಲ್ಲಿ ಕೈಹಿಡಿದು ಒಳಗೆ ಕರೆತರುವುದು ಕಷ್ಟ. ನಮ್ಮ ಸಮಾಜ ಮೊದಲನೆಯದನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತದೆ. ನಾನು ಕೇಳುವುದು ಎರಡನೆಯದನ್ನು.

ಏನು ಮಾಡಬೇಕು? ಅಸಾಧ್ಯವಾದುದೇನೂ ಇಲ್ಲ. ವಾರ್ಡಿನಿಂದ ಬಂದವರಿಗೆ ಮೊದಲ ವರ್ಷ ಅರ್ಧ ಪಾಠದ ಹೊರೆ ಮಾತ್ರ ಇರಲಿ. ಹಾಸ್ಟೆಲು, ಕಡತ ಬೇರೆಯವರಿಗೆ ಹೋಗಲಿ. ಒಬ್ಬ ಹಿರಿಯ ಬೋಧಕಿ ಅವರ ಜೊತೆಗಾರ್ತಿಯಾಗಿ ವಾರಕ್ಕೊಮ್ಮೆ ಅವರ ತರಗತಿಯಲ್ಲಿ ಕುಳಿತು, ತಮ್ಮ ತರಗತಿಗೂ ಅವರನ್ನು ಕರೆಯಲಿ. ಅಲ್ಲಿ ಕಂಡದ್ದು ಆಡಳಿತದವರ ಕಿವಿಗೆ ಚಾಡಿಯಾಗಿ ಹೋಗದಿರಲಿ. ವಾರದಲ್ಲಿ ಒಂದು ದಿನ ಅವರು ವಾರ್ಡಿಗೆ ಹೋಗಲಿ, ವಿದ್ಯಾರ್ಥಿನಿಯರನ್ನೂ ಕರೆದೊಯ್ಯಲಿ. ಕೈ ತುಕ್ಕು ಹಿಡಿಯದು, ಹಾಸಿಗೆ ಬಿಟ್ಟರೆಂಬ ಮಾತೂ ಉಳಿಯದು. ವಾರ್ಡಿನ ವರ್ಷಗಳನ್ನು ಸಂಬಳದ ಲೆಕ್ಕದಲ್ಲಿ ಹಿಡಿಯಲಿ. ಬೋಧನೆಯ ತರಬೇತಿಗಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುವಂತಾಗದೆ, ಅದು ಇಲ್ಲಿಯೇ ನಡೆಯಲಿ. ಬಿ.ಎಡ್. ಕಾಲೇಜಿನ ಅಧ್ಯಾಪಕರಿದ್ದಾರೆ; ಪದವಿ ಕಾಲೇಜಿನಲ್ಲಿ ನಮ್ಮಂಥವರಿದ್ದೇವೆ. ಪಾಠದ ಟಿಪ್ಪಣಿಗಳನ್ನು ಕನ್ನಡದಲ್ಲಿ ವಿವರಿಸುವ ಕೆಲಸಕ್ಕೆ ಶನಿವಾರದ ಮಧ್ಯಾಹ್ನ ಕೊಡಲು ನಾನು ಸಿದ್ಧ. ಇದನ್ನು ಅಚ್ಚಿನಲ್ಲಿ ಹೇಳುತ್ತಿರುವುದು ತಪ್ಪಿಸಿಕೊಳ್ಳಲು ನನಗೇ ದಾರಿ ಇರಬಾರದೆಂದು.

ಕೊನೆಯದಾಗಿ ಒಂದು ಮಾತು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಬಂಡೆಗಲ್ಲಿದೆ. ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರನ ಕಣ್ಣಿಗೆ ಅದು 1915ರಲ್ಲಿ ಬಿತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಹಿಂದಿರುವ ಅರಸ ಅಶೋಕನೇ ಎಂದು ಆ ಕಲ್ಲಿನಿಂದ ತಿಳಿಯಿತೆಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ, ಹೆಮ್ಮೆಪಡುತ್ತೇವೆ. ಹೆಸರನ್ನು ನೋಡಿ ಹಿಂದಿರುಗುವವರು ಅದರಲ್ಲಿರುವ ತಾತ್ಪರ್ಯವನ್ನು ಗಮನಿಸುವುದಿಲ್ಲ. ಧರ್ಮದಲ್ಲಿ ತೊಡಗಿದರೆ ಸಾಮಾನ್ಯನೂ ಆ ಎತ್ತರಕ್ಕೆ ಏರಬಲ್ಲ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಊರ ಬಂಡೆಯ ಮೇಲೆ ಕೊರೆದ ಮಾತು ಇದು. ಆ ದಿನ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಚಪ್ಪಾಳೆ ತಟ್ಟಿದ ಬೋಧಕಿಯರಿಗೆ ನಾನು ವಂದನೆ ಹೇಳಬೇಕಾಗಿತ್ತು, ಹೇಳಲಿಲ್ಲ. ಮುಖ್ಯ ಅತಿಥಿಗಳಿಂದ ಹಿಂದಕ್ಕೆ ಪಡೆದ ಆ ವಂದನೆ ಈಗ ನನ್ನ ಕೈಯಲ್ಲಿದೆ. ತಡವಾಯಿತು, ಕ್ಷಮಿಸಿರಿ, ಅದನ್ನು ನಿಮಗೆ ಒಪ್ಪಿಸುತ್ತಿದ್ದೇನೆ.